ಮಗ ಕೇಳಿದ, ನಾನು ಹೊಡೆದೆ

ಪ್ರಶ್ನೆ: ನನಗೆ 39 ವರ್ಷ. ಗೋಣಿಬೀಡಿನ ಹತ್ತಿರ ಒಂದು ಕಾಲೊನಿಯಲ್ಲಿ ನಮ್ಮ ಮನೆ. ಹದಿನೈದು ವರ್ಷ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿದ್ದೇನೆ. ನಾನು ಹತ್ತದ ಮರ ಇಲ್ಲ ಅಂತ ಹೆಸರಿತ್ತು. ಕೊಂಬೆಗೆ ಹಗ್ಗ ಕಟ್ಟಿ, ಕೆಳಗಿನವನ ಕೈಲಿ ತುದಿ ಹಿಡಿಸಿ, ಒಂದು ಕಾಫಿ ಗಿಡ ಮುರಿಯದ ಹಾಗೆ ಇಳಿಸುತ್ತಿದ್ದೆ. ಹೋದ ಮೇ ತಿಂಗಳಲ್ಲಿ ಸಿಲ್ವರ್ ಮರದಿಂದ ಬಿದ್ದು ಸೊಂಟಕ್ಕೆ ಏಟಾಯಿತು. ಈಗ ಭಾರ ಎತ್ತುವ ಹಾಗಿಲ್ಲ, ಮರ ಹತ್ತುವ ಮಾತೇ ಇಲ್ಲ. ಹೆಂಡತಿ ತೋಟಕ್ಕೆ ಹೋಗುತ್ತಾಳೆ. ಅಡುಗೆ, ಬಟ್ಟೆ, ಮಗನನ್ನು ಶಾಲೆಗೆ ಕಳಿಸುವುದು ನನ್ನ ಪಾಲಿಗೆ ಬಂದಿದೆ. ಹೇಳಿಕೊಳ್ಳಲೇ ನಾಚಿಕೆ.

ಜನವರಿಯಲ್ಲಿ ಕಾಫಿ ಹಣ್ಣು ಕೊಯ್ಲಿನ ಹೊತ್ತಿಗೆ ಒಂದು ದಿನ ಹೆಂಡತಿಗೆ ಬುತ್ತಿ ಕೊಡಲು ಮಗನನ್ನೂ ಕರೆದುಕೊಂಡು ಕಣಕ್ಕೆ ಹೋಗಿದ್ದೆ. ಅಲ್ಲಿ ಹಾಜರಿ ಬರೆಯುವ ರೈಟರು ಎಲ್ಲರ ಎದುರು ನನ್ನ ಜಾತಿ ಹೆಸರು ಹಿಡಿದು, ‘ಹೆಂಡ್ತಿ ದುಡ್ಡಲ್ಲಿ ತಿನ್ನೋನು ಬಂದ ನೋಡ್ರೋ’ ಅಂದರು. ಏಳೆಂಟು ಜನ ನಕ್ಕರು. ತಲೆ ತಗ್ಗಿಸಿ ವಾಪಸ್ ಬಂದೆ. ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ: ‘ಅಪ್ಪಾ, ನೀನ್ಯಾಕೆ ಏನೂ ಅನ್ಲಿಲ್ಲ?’ ಕೈ ಬೀಸಿ ಕೆನ್ನೆಗೆ ಹೊಡೆದೆ. ಅವನಿಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಅವನ ಮೇಲೆ ಕೈ ಮಾಡಿದವನಲ್ಲ ನಾನು. ಈಗ ನಾನು ಒಳಗೆ ಬಂದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ನಿದ್ದೆ ಇಲ್ಲ. ಸಂಜೆಯಾದರೆ ಒಂದು ಕ್ವಾರ್ಟರ್ ಬೇಕೇ ಬೇಕು. ಒಮ್ಮೊಮ್ಮೆ ಯಾಕಾದರೂ ಬದುಕಿದ್ದೇನೋ ಅನ್ನಿಸುತ್ತದೆ. ನಾನು ಗಂಡಸು ಹೌದೋ ಅಲ್ಲವೋ, ನೀವೇ ಹೇಳಿ.

— ಹೆಸರು ಬೇಡ, ಗೋಣಿಬೀಡು

ಉತ್ತರ: ನಿಮ್ಮ ಕಾಗದವನ್ನು ಒಂದೇ ಸಲ ಓದಿ ಪಕ್ಕಕ್ಕಿಡಲು ಆಗಲಿಲ್ಲ. ಜಾತಿ ಹಿಡಿದು ಹೀಗಳೆದದ್ದು ಒಂದು, ಪೆಟ್ಟು ತಿಂದ ಮೈಯನ್ನು ಹಂಗಿಸಿದ್ದು ಇನ್ನೊಂದು. ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ, ಹೆಂಡತಿ ಮಗ ಇಬ್ಬರೂ ಕೇಳುವ ಹಾಗೆ ನಿಮ್ಮ ಮೇಲೆ ಎಸೆದರು. ನಿಮ್ಮ ಜಾಗದಲ್ಲಿ ಯಾರಿದ್ದರೂ ಒಳಗೆ ಬೆಂಕಿ ಬೀಳುತ್ತಿತ್ತು. ಇಷ್ಟು ದಿನವಾದರೂ ಅದು ಆರಿಲ್ಲ ಎಂದರೆ ನಿಮ್ಮ ಮನಸ್ಸು ದುರ್ಬಲ ಅಂತಲ್ಲ. ಆದ ಏಟು ಅಷ್ಟು ದೊಡ್ಡದು.

ಮುಂದೆ ಹೋಗುವ ಮೊದಲು, ‘ಯಾಕಾದರೂ ಬದುಕಿದ್ದೇನೋ’ ಎಂದು ನೀವು ಹಾಗೇ ಬರೆದು ದಾಟಿದ ಸಾಲನ್ನು ನಾನು ದಾಟಲಾರೆ. ನೇರವಾಗಿಯೇ ಕೇಳುತ್ತೇನೆ, ನಿಮ್ಮ ಹತ್ತಿರದವರೂ ಹೀಗೇ ನೇರವಾಗಿ ಕೇಳಲಿ: ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡು ಬೇಡ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಕಳೆಗೆ ಹೊಡೆಯುವ ಔಷಧಿ, ಕೀಟನಾಶಕದ ಡಬ್ಬಿ ಇದ್ದರೆ ಇನ್ನೊಬ್ಬರ ಮನೆಗೆ ಕಳಿಸಿಬಿಡಿ. ತೋಟದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಅಂಥ ಗಳಿಗೆ ಬಂದು ಹೋಗುತ್ತದೆ, ಆ ಹೊತ್ತಿನಲ್ಲಿ ಕೈಗೆ ಎಟಕುವ ಜಾಗದಲ್ಲಿ ಡಬ್ಬಿ ಇರಬಾರದು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಲೆಕ್ಕ 1,70,924. ಅವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಗಂಡಸಿಗೆ ದುಃಖ ಹೆಚ್ಚು ಅಂತ ನಾನು ಹೇಳುವುದಿಲ್ಲ. ಆದರೆ ‘ನನ್ನ ಕೈಲಾಗುತ್ತಿಲ್ಲ’ ಎಂದು ಇನ್ನೊಬ್ಬರ ಎದುರು ಹೇಳುವುದನ್ನು ನಾವು ಅವನಿಗೆ ಕಲಿಸಲೇ ಇಲ್ಲ.

ನೀವಾದರೋ ಅದನ್ನು ಕಲಿತಿದ್ದೀರಿ, ಮರದ ಮೇಲೆ. ಹಗ್ಗದ ತುದಿ ಕೆಳಗಿನವನ ಕೈಲಿ ಇರುತ್ತಿತ್ತು ಎಂದು ಬರೆದಿದ್ದೀರಿ. ‘ಹಿಡ್ಕೋ’ ಎಂದು ನೀವು ಕೂಗಿದಾಗ ಯಾರೂ ನಿಮ್ಮ ಗಂಡಸುತನವನ್ನು ಪ್ರಶ್ನಿಸಲಿಲ್ಲ. ಹದಿನೈದು ವರ್ಷ ಇನ್ನೊಬ್ಬನ ಕೈಯನ್ನು ನಂಬಿಯೇ ನೀವು ಆ ಹೆಸರು ಗಳಿಸಿದ್ದು.

ಮೈಯಲ್ಲಿ ಕಸುವಿರಬೇಕು, ಮನೆಗೆ ದುಡ್ಡು ತರಬೇಕು, ಅಂದವನಿಗೆ ತಿರುಗಿಸಿ ಅನ್ನಬೇಕು: ನೀವು ‘ಗಂಡಸು’ ಎಂದಾಗ ಮನಸ್ಸಿನಲ್ಲಿರುವುದು ಈ ಮೂರು ಎಂದು ಕಾಣುತ್ತದೆ. ಸೊಂಟಕ್ಕೆ ಏಟು ಬಿದ್ದ ದಿನ ಮೊದಲಿನ ಎರಡು ಹೋದವು, ಕಣದಲ್ಲಿ ನಿಂತ ದಿನ ಮೂರನೆಯದೂ ಹೋಯಿತು ಎಂಬ ಲೆಕ್ಕ ನಿಮ್ಮದು. ನನ್ನ ಲೆಕ್ಕ ಬೇರೆ. ನಿಮ್ಮ ಹೆಂಡತಿ ಬೆಳಿಗ್ಗೆ ಎಂಟಕ್ಕೆ ತೋಟದಲ್ಲಿ ಇರಬೇಕಾದರೆ ಮನೆಯಲ್ಲಿ ಒಬ್ಬರು ಆರಕ್ಕೆ ಮೊದಲು ಒಲೆ ಹಚ್ಚಿರಬೇಕು. ಈಗ ಹಚ್ಚುತ್ತಿರುವುದು ನೀವು. ಇದೇ ಕೆಲಸವನ್ನು ಇಷ್ಟು ವರ್ಷ ಅವರು ಮಾಡಿದರು. ಆಗ ಅದಕ್ಕೆ ಯಾರೂ ನಗಲಿಲ್ಲ, ಹೊಗಳಲೂ ಇಲ್ಲ. ಹೆಂಗಸು ಮಾಡಿದರೆ ಲೆಕ್ಕಕ್ಕೇ ಬಾರದ ಕೆಲಸ ಗಂಡಸು ಮಾಡಿದರೆ ಹೇಗೆ ಅವಮಾನವಾಗುತ್ತದೆ ಎಂದು ಒಂದು ಸಲ ಯೋಚಿಸಿ. (ಅವರು ಏನಂದರು ಎಂಬುದು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ಅವತ್ತು ಅವರೂ ಅಲ್ಲೇ ಇದ್ದರಲ್ಲ? ಒಮ್ಮೆ ಕೇಳಿ ನೋಡಿ.)

ನೀವು ಸುಮ್ಮನಿದ್ದ ಬಗ್ಗೆ. ಅದನ್ನು ಹೇಡಿತನ ಎಂದು ನೀವೇ ತೀರ್ಪು ಕೊಟ್ಟುಕೊಂಡಿದ್ದೀರಿ. ಆದರೆ ಆ ಎರಡು ನಿಮಿಷದಲ್ಲಿ ನಿಮ್ಮ ತಲೆಯಲ್ಲಿ ಏನೇನು ಓಡಿರಬಹುದು? ಹೆಂಡತಿಯ ಹಾಜರಿ ಬರೆಯುವುದು ಅದೇ ರೈಟರು. ನಾಳೆಯಿಂದ ಬರಬೇಡ ಎಂದರೆ ಮನೆಯಲ್ಲಿ ಅಕ್ಕಿ ಇಲ್ಲ. ಸೊಂಟ ನೆಟ್ಟಗಿಲ್ಲ, ಪಕ್ಕದಲ್ಲಿ ಮಗ ಇದ್ದಾನೆ. ಇಷ್ಟನ್ನು ತೂಗಿ ಹಲ್ಲು ಕಚ್ಚಿಕೊಂಡವನನ್ನು ನಾನು ಹೇಡಿ ಎನ್ನಲಾರೆ. ಹಾಗೆಂದು ಸಹಿಸಿಕೊಂಡು ಹೋಗುವುದೇ ದೊಡ್ಡ ಗುಣ ಎಂದೂ ಹೇಳುವುದಿಲ್ಲ. ಆ ಮಾತನ್ನು ನಿಮ್ಮ ಅಪ್ಪ, ಅಜ್ಜಂದಿರಿಗೆ ಬೇಕಾದಷ್ಟು ಸಲ ಹೇಳಿಯಾಗಿದೆ.

ಆದರೆ ಕಣದಲ್ಲಿ ನುಂಗಿದ ಕೋಪ ಮನೆಯಲ್ಲಿ ಹೊರಗೆ ಬಂತು, ತಿರುಗಿ ಹೊಡೆಯಲಾರದ ಒಬ್ಬನ ಮೇಲೆ. ಇಲ್ಲಿ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಅದು ತಪ್ಪು. ತಪ್ಪೆಂದು ನಿಮಗೆ ಗೊತ್ತಿರುವುದರಿಂದಲೇ ನಿದ್ದೆ ಬರುತ್ತಿಲ್ಲ. ಅವಮಾನ ಹೀಗೇ ಇಳಿದುಕೊಂಡು ಹೋಗುತ್ತದೆ: ರೈಟರಿಗೆ ಸಾಹುಕಾರರು ಅಂದಿರುತ್ತಾರೆ, ರೈಟರು ನಿಮಗೆ ಅಂದರು, ನೀವು ಮಗನಿಗೆ ಹೊಡೆದಿರಿ. ನಾಳೆ ಅವನು ಶಾಲೆಯಲ್ಲಿ ತನಗಿಂತ ಚಿಕ್ಕವನನ್ನು ಹುಡುಕುತ್ತಾನೆ.

ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಮೊದಲಲ್ಲೇ ಒಂದು ದೃಶ್ಯವಿದೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವರ ಅಪ್ಪ. ನೋಡುತ್ತಿದ್ದ ಹುಡುಗ ಮುಂದೆ ದೊಡ್ಡ ಕವಿಯಾಗಿ, ವಿಧಾನ ಪರಿಷತ್ ಸದಸ್ಯನಾಗಿ, ಆ ನೆನಪನ್ನೇ ಮೊದಲು ಬರೆದ. ಅದನ್ನು ಓದುವಾಗ ಅಪ್ಪ ಚಿಕ್ಕವರಾಗಿ ಕಾಣುವುದಿಲ್ಲ, ನೊಗ ಹೊರಿಸಿದ ವ್ಯವಸ್ಥೆಯ ಮೇಲೆ ಸಿಟ್ಟು ಬರುತ್ತದೆ. ನಿಮ್ಮ ಮಗನೂ ಒಂದು ದೃಶ್ಯ ನೋಡಿದ್ದಾನೆ. ಅದರ ಅರ್ಥ ಏನೆಂದು ಅವನಿಗಿನ್ನೂ ಯಾರೂ ಹೇಳಿಲ್ಲ. ‘ನೀನ್ಯಾಕೆ ಏನೂ ಅನ್ಲಿಲ್ಲ’ ಎಂದು ಅವನು ಕೇಳಿದ್ದು ನಿಮ್ಮನ್ನು ಹಂಗಿಸಲು ಎಂದು ನಿಮಗೆ ಅನ್ನಿಸಿತು. ನನಗೆ ಕೇಳಿಸುವುದು ಹೀಗೆ: ನನ್ನ ಅಪ್ಪನಿಗೆ ಅವನು ಹಾಗೆ ಅನ್ನಬಹುದೇ?

ಉತ್ತರ ಕೊಡಲು ಇನ್ನೂ ಹೊತ್ತು ಮೀರಿಲ್ಲ. ಕುಡಿಯದೆ ಇರುವ ಒಂದು ಹೊತ್ತು ನೋಡಿ, ಬೆಳಿಗ್ಗೆಯೇ ಒಳ್ಳೆಯದು. ಎದುರಿಗೆ ಕೂರಿಸಿ ವಿಚಾರಣೆಯ ಹಾಗೆ ಬೇಡ. ಶಾಲೆಗೆ ನಡೆದು ಹೋಗುವಾಗ ಜೊತೆಗೆ ನಡೆಯಿರಿ. ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಮುಖ ನೋಡಿ ಆಡಲಾರದ ಮಾತನ್ನು ಪಕ್ಕದಲ್ಲಿ ನಡೆಯುತ್ತ ಆಡುತ್ತಾರೆ. ಮೊದಲು ಹೊಡೆದದ್ದರ ಮಾತು: ‘ಅವತ್ತು ನಿನ್ನ ಹೊಡೆದೆನಲ್ಲ, ಅದು ನನ್ನ ತಪ್ಪು. ನಿನ್ನದೇನೂ ತಪ್ಪಿರಲಿಲ್ಲ. ನನಗೆ ಅವಮಾನ ಆಗಿತ್ತು, ಸಿಟ್ಟು ನಿನ್ನ ಮೇಲೆ ಬಂತು.’ ಅಷ್ಟು ಹೇಳಿ ಸ್ವಲ್ಪ ಸುಮ್ಮನಿರಿ. ‘ಆದರೆ ನೀನೂ ಹಾಗೆ ಕೇಳಬಾರದಿತ್ತು’ ಎಂದು ಬಾಲ ಸೇರಿಸಬೇಡಿ. ಆಮೇಲೆ ಅವನ ಪ್ರಶ್ನೆಗೆ ಉತ್ತರ: ‘ಅಮ್ಮನ ಕೆಲಸ ಹೋಗುತ್ತೇನೋ ಅಂತ ಸುಮ್ಮನಾದೆ. ಅವನು ಅಂದದ್ದು ಸರಿ ಅಂತ ಸುಮ್ಮನಾದದ್ದಲ್ಲ.’ ಜಾತಿ ಎಂದರೆ ಏನು, ಅವರು ಯಾಕೆ ಹಾಗೆ ಅನ್ನುತ್ತಾರೆ ಎಂದು ಅವನು ಕೇಳಿಯೇ ಕೇಳುತ್ತಾನೆ. ನಿಮಗೆ ತಿಳಿದಷ್ಟು ಹೇಳಿ. ಅಳು ಬಂದರೆ ಬರಲಿ. ಅಪ್ಪ ಅತ್ತದ್ದನ್ನು ನೋಡಿ ಕೆಟ್ಟ ಮಗನನ್ನು ನಾನು ಈ ಕೆಲಸದಲ್ಲಿ ಇದುವರೆಗೆ ಕಂಡಿಲ್ಲ. ಮೊದಲ ದಿನವೇ ಅವನು ಬಂದು ತಬ್ಬಿಕೊಳ್ಳುತ್ತಾನೆ ಎಂದು ಕಾಯಬೇಡಿ. ಮಾತಾಡದೆ ಮುಂದೆ ಓಡಿಹೋಗಬಹುದು. ಮರುದಿನ ಮತ್ತೆ ಜೊತೆಗೆ ನಡೆಯಿರಿ.

ಇನ್ನು ಆ ರೈಟರು ಆಡಿದ ಮಾತಿನ ವಿಷಯ. ಪರಿಶಿಷ್ಟ ಜಾತಿಯವರನ್ನು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ತನಿಖೆಯನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬರೆದು ಚಿಕ್ಕಮಗಳೂರಿನ ಎಸ್ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆ ಬೇಡ. ಪರಿಶಿಷ್ಟ ಜಾತಿಯವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ತಾಲ್ಲೂಕು ಕೇಂದ್ರ ಮೂಡಿಗೆರೆಯ ಕೋರ್ಟಿನಲ್ಲಿ ವಿಚಾರಿಸಿ. ಅಲ್ಲಿಗೆ ಹೋದಾಗ ಕೆಲಸದಲ್ಲಿ ಮರದಿಂದ ಬಿದ್ದದ್ದನ್ನೂ ಹೇಳಿ. ಅದಕ್ಕೆ ಪರಿಹಾರ ಕೇಳುವ ಹಕ್ಕು ನಿಮಗಿದೆ, ಕೇಳಲು ಗಡುವೂ ಇದೆ. ಆಸ್ಪತ್ರೆಯ ಚೀಟಿಗಳನ್ನು ಜೋಪಾನ ಮಾಡಿ.

ದೂರು ಕೊಡಲೇಬೇಕು ಎಂದು ನಾನು ಒತ್ತಾಯಿಸುವುದಿಲ್ಲ. ಕೆಲಸ ಹೋದರೆ ಮನೆ ನಡೆಸಬೇಕಾದವರು ನೀವು, ಅಂಕಣ ಬರೆಯುವ ನಾನಲ್ಲ. ಹೆಂಡತಿಯ ಜೊತೆ ಕೂತು ಯೋಚಿಸಿ, ಕಾಲೊನಿಯಲ್ಲಿ ನಂಬಿಕೆಯ ಹಿರಿಯರು ಇದ್ದರೆ, ಸಂಘಟನೆಯವರು ಇದ್ದರೆ ಕೇಳಿ. ಏನೇ ತೀರ್ಮಾನ ಮಾಡಿ, ಅಂದು ನಡೆದದ್ದನ್ನು ತಾರೀಕು, ಹೊತ್ತು, ಅಲ್ಲಿದ್ದವರ ಹೆಸರು ಸಮೇತ ಒಂದು ಹಾಳೆಯಲ್ಲಿ ಈಗಲೇ ಬರೆದಿಡಿ. ಮುಂದೆ ಬೇಕಾದೀತು. ಬರೆದಾಗ ತಲೆಯೊಳಗೆ ಸುತ್ತುವುದೂ ಸ್ವಲ್ಪ ಕಡಿಮೆಯಾಗುತ್ತದೆ.

ನಿಮ್ಮ ಊರಿನವರಿಗೆ ನೆನಪಿರಬಹುದು. 2021ರ ಮೇ ತಿಂಗಳಲ್ಲಿ ಗೋಣಿಬೀಡು ಪೊಲೀಸ್ ಠಾಣೆಯಲ್ಲಿ ತನ್ನಿಂದ ಮೂತ್ರ ನೆಕ್ಕಿಸಿದರು ಎಂದು ದಲಿತ ಯುವಕನೊಬ್ಬ ಮೇಲಧಿಕಾರಿಗಳಿಗೆ ದೂರು ಕೊಟ್ಟ. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಅವರ ಬಂಧನವಾಯಿತು. ಆರೋಪದ ಸತ್ಯಾಸತ್ಯ ಹೇಳಬೇಕಾದ್ದು ಕೋರ್ಟು. ನಾನು ಯೋಚಿಸುವುದು ಆ ಹುಡುಗ ಕಾಗದ ಬರೆಯಲು ಕೂತ ಹೊತ್ತನ್ನು. ಅಂಥದ್ದು ನನಗಾಯಿತು ಎಂದು ಬರೆದು ಕೆಳಗೆ ಸ್ವಂತ ಹೆಸರು ಹಾಕಬೇಕಲ್ಲ. ನಾಳೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ತಿಳಿದೂ ಬರೆದ. ಗಂಡಸುತನದ ಮಾತು ಬಂದಾಗ ನನಗೆ ಮೀಸೆ ತಿರುವುವವರಿಗಿಂತ ಆ ಸಹಿ ನೆನಪಾಗುತ್ತದೆ.

ಕುಡಿತದ ಬಗ್ಗೆ ಉಪದೇಶ ಮಾಡುವುದಿಲ್ಲ. ಕ್ವಾರ್ಟರ್ ಹಾಕಿದರೆ ಬೇಗ ಕಣ್ಣು ಮುಚ್ಚುತ್ತದೆ, ಆದರೆ ಎರಡು ಮೂರು ಗಂಟೆಗೆ ಎಚ್ಚರವಾಗಿ ಅದೇ ಕಣ, ಅದೇ ನಗು ಕಣ್ಮುಂದೆ ಬರುತ್ತದೆ. ಹೌದಲ್ಲವೇ? ಕುಡಿದು ಬರುವ ನಿದ್ದೆ ಹಾಗೇ ಒಡೆಯುತ್ತದೆ. ದಿನಾ ಕುಡಿದು ಅಭ್ಯಾಸವಾದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರುವುದುಂಟು, ಆದ್ದರಿಂದ ವೈದ್ಯರನ್ನು ಕೇಳಿಯೇ ಬಿಡಿ. ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನ ಬರುತ್ತಾರೆ. ಮೂಡಿಗೆರೆ ಆಸ್ಪತ್ರೆಯಲ್ಲಿ ಯಾವ ದಿನ ಎಂದು ವಿಚಾರಿಸಿ ಹೋಗಿ. ಹುಚ್ಚಿನ ಡಾಕ್ಟರ ಹತ್ತಿರ ಹೋದ ಎಂದು ಯಾರಾದರೂ ಅಂದಾರು. ಸೊಂಟಕ್ಕೆ ಎಕ್ಸ್‌ರೇ ತೆಗೆಸಲು ಹೋದಾಗ ಯಾರೂ ನಗಲಿಲ್ಲವಲ್ಲ.

ಇದನ್ನು ಓದುತ್ತಿರುವ ತೋಟದ ಮಾಲೀಕರಿಗೂ ಒಂದು ಮಾತು. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ವೋಟಿನ ಕಾಲದಲ್ಲಿ ಕಾಲೊನಿಯ ಮನೆ ಮನೆಗೆ ಕೈ ಮುಗಿದುಕೊಂಡು ಹೋಗುವವರೇ ಕೊಯ್ಲಿನ ಕಾಲದಲ್ಲಿ ಏನೆಂದು ಕರೆಯುತ್ತಾರೆ, ನೋಡಿದ್ದೀರಾ? ನಿಮ್ಮ ಕಣದಲ್ಲಿ ನಿಮ್ಮ ರೈಟರು ಆಡುವ ಮಾತಿಗೆ ಮೊದಲು ತಡೆ ಹಾಕಬೇಕಾದವರು ನೀವು. ಅವತ್ತು ನಕ್ಕ ಏಳೆಂಟು ಜನರಲ್ಲಿ ಒಬ್ಬರು ನಗದೇ ಇದ್ದಿದ್ದರೂ ಈ ಕಾಗದ ನನಗೆ ಬರುತ್ತಿರಲಿಲ್ಲವೇನೋ.

ನೀವು ಗಂಡಸು ಹೌದೋ ಅಲ್ಲವೋ ಎಂದು ಕೇಳಿದ್ದೀರಿ. ಅದನ್ನು ನಾನಾಗಲಿ ಆ ರೈಟರಾಗಲಿ ಹೇಳುವಂಥದ್ದಲ್ಲ. ನಿಮ್ಮ ಮಗನ ಅಪ್ಪ ಹೌದು, ಅಷ್ಟು ನನಗೆ ಗೊತ್ತು. ಶಾಲೆಯ ದಾರಿಯಲ್ಲಿ ಅವನ ಜೊತೆ ಮಾತಾಡಿದ ಮೇಲೆ ಒಂದು ಕಾರ್ಡು ಹಾಕಿ. ಹೆಸರು ಬರೆಯಬೇಕಾಗಿಲ್ಲ, ಗೋಣಿಬೀಡು ಎಂದಿದ್ದರೆ ಸಾಕು.