ಎಲ್ಲ ಹಾಡಿಗೂ ಒಂದೇ ಹೆಡ್‌ಫೋನ್: ಕಡಿಮೆ ದುಡ್ಡಲ್ಲಿ ಆರಿಸೋದು ಹೇಗೆ?

ಫಸ್ಟ್ ಇಯರ್‌ನಲ್ಲಿ ನಾನು ಯಕ್ಷಗಾನ ಕೇಳೋದನ್ನ ನಿಲ್ಲಿಸಿಬಿಟ್ಟಿದ್ದೆ. ಬೇಕಂತ ನಿಲ್ಲಿಸಿದ್ದಲ್ಲ. ಹಾಸ್ಟೆಲ್‌ಗೆ ಬಂದ ಎರಡು ತಿಂಗಳಲ್ಲಿ ಉಳಿಸಿದ ದುಡ್ಡಿಗೆ ಒಂದು ಹೆಡ್‌ಫೋನ್ ತಗೊಂಡಿದ್ದೆ. ಅದರ ಡಬ್ಬದ ಮೇಲೆ ಬಾಸ್ ಬಗ್ಗೆ ಮೂರು ಸಲ ಬರೆದಿತ್ತು. ಸಿನಿಮಾ ಹಾಡು ಹಾಕಿದ್ರೆ ಮಸ್ತ್. ಆದರೆ ಪ್ರಸಂಗ ಹಾಕಿದ್ರೆ ಹತ್ತೇ ನಿಮಿಷಕ್ಕೆ ತಲೆನೋವು. ಮದ್ದಳೆ ಬರೀ ಗುಮ್ ಅಂತಿತ್ತು, ಚೆಂಡೆ ಕಿವಿಗೆ ಚುಚ್ಚುತ್ತಿತ್ತು, ಭಾಗವತರ ಪದ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳ್ತಿತ್ತು. ನನ್ನ ಟೇಸ್ಟೇ ಬದಲಾಯ್ತು ಅಂದುಕೊಂಡೆ. ದಸರಾ ರಜೆಗೆ ಊರಿಗೆ ಹೋದಾಗ ಅಜ್ಜ ತಮ್ಮ ಹಳೇ ಟೇಪ್ ರೆಕಾರ್ಡರ್‌ನಲ್ಲಿ ಅದೇ ಪ್ರಸಂಗ ಹಾಕಿದ್ರು. ಒಂದು ಸೈಡ್ ಪೂರ್ತಿ ಕೂತು ಕೇಳಿದೆ. ಬದಲಾಗಿದ್ದು ಟೇಸ್ಟ್ ಅಲ್ಲ, ಹೆಡ್‌ಫೋನ್.

ಆ ಹೆಡ್‌ಫೋನನ್ನ ಅರ್ಧ ಬೆಲೆಗೆ ಮಾರಿ, ಎರಡನೇ ಸಲ ತಗೊಳ್ಳುವಾಗ ಸ್ವಲ್ಪ ಓದಿ, ಲೆಕ್ಕ ಹಾಕಿ ತಗೊಂಡೆ. ಆಗ ಕಲಿತದ್ದನ್ನ ಇಲ್ಲಿ ಬರೆದಿದ್ದೀನಿ. ಲೆಕ್ಕವೆಲ್ಲ ನಮ್ಮ ಬೇಸಿಕ್ ಎಲೆಕ್ಟ್ರಿಕಲ್ ಪೇಪರ್‌ನಷ್ಟೇ, ಹೆದರಬೇಡಿ.

ಆಲ್‌ರೌಂಡರ್ ಅಂದ್ರೆ ಏನು?

ಎಲ್ಲದರಲ್ಲೂ ಬೆಸ್ಟ್ ಆಗಿರೋದು ಅಂತ ನಾವು ಅಂದುಕೊಳ್ತೀವಿ. ಕಡಿಮೆ ದುಡ್ಡಲ್ಲಿ ಅಂಥದ್ದು ಸಿಗಲ್ಲ. ಎರಡು ಹೆಡ್‌ಫೋನ್ ಇವೆ ಅಂತ ಇಟ್ಕೊಳ್ಳಿ. ಸಿನಿಮಾ ಹಾಡು, ಮೆಟಲ್, ಯಕ್ಷಗಾನ ಈ ಮೂರಕ್ಕೆ ಮೊದಲನೆಯದಕ್ಕೆ ನೀವು ಕೊಡೋ ಅಂಕ 9, 9, 3. ಎರಡನೆಯದಕ್ಕೆ 7, 7, 7. ಎರಡರ ಸರಾಸರಿಯೂ 7. ಆದರೆ ಮೊದಲನೆಯದನ್ನ ಕೊಂಡವನು ಆರು ತಿಂಗಳಲ್ಲಿ ಮೂರು ಅಂಕದ ಸಂಗೀತವನ್ನ ಕೇಳೋದೇ ಬಿಟ್ಟಿರ್ತಾನೆ, ನನ್ನ ಹಾಗೆ. ಅದಕ್ಕೇ ಸರಾಸರಿ ನೋಡಬೇಡಿ, ಅತಿ ಕಡಿಮೆ ಅಂಕ ಯಾವುದು ಅಂತ ನೋಡಿ. ನಿಮ್ಮ ಯಾವ ಸಂಗೀತವನ್ನೂ ನಿಮ್ಮಿಂದ ಬಿಡಿಸದೇ ಇರೋದೇ ಆಲ್‌ರೌಂಡರ್.

ಮೊದಲು ನಿಮ್ಮ ಹಾಡಿನ ಪಟ್ಟಿ

ಆದ್ದರಿಂದ ಶಾಪಿಂಗ್ ಆಪ್ ತೆರೆಯೋ ಮೊದಲು ಪ್ಲೇಲಿಸ್ಟ್ ತೆರೆಯಿರಿ. ಅದರಿಂದ ಐದು ಹಾಡು ಆರಿಸಿ. ನೂರು ಸಲ ಕೇಳಿರೋ ಹಾಡೇ ಆಗಿರಲಿ. ಒಂದೊಂದೂ ಧ್ವನಿಯ ಒಂದೊಂದು ಭಾಗವನ್ನ ಪರೀಕ್ಷೆ ಮಾಡಬೇಕು.

1. ಆಳವಾದ ಬಾಸ್ ಇರೋ ಹಾಡು. ಬಾಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಈಗಿನ ಸಿನಿಮಾ ಹಾಡುಗಳ ಎಲೆಕ್ಟ್ರಾನಿಕ್ ಬೀಟ್ ಅದಕ್ಕಿಂತಲೂ ಕೆಳಗೆ ಇಳಿಯುತ್ತೆ. ಬೀಟ್ ಬಂದು ತಕ್ಷಣ ನಿಲ್ಲಬೇಕು. ಗುಂಯ್ ಅಂತ ಎಳೆದುಕೊಂಡು ಹೋಗಿ ಗಾಯಕನ ಧ್ವನಿಯ ಮೇಲೆ ಬೀಳಬಾರದು.

2. ಗಂಡು ಧ್ವನಿಯ ಹಾಡು, ವಾದ್ಯ ಕಡಿಮೆ ಇರುವಂಥದ್ದು. ಭಾವಗೀತೆ ಇದಕ್ಕೆ ಚೆನ್ನ. ಧ್ವನಿ ಡಬ್ಬದೊಳಗಿಂದ ಬಂದ ಹಾಗಿದ್ರೆ ಮಧ್ಯದ ಭಾಗದಲ್ಲಿ ತೊಂದರೆ ಇದೆ.

3. ಹೆಣ್ಣು ಧ್ವನಿಯ ಹಾಡು. ಇಲ್ಲಿ ಸ, ಶ, ಷ ಅಕ್ಷರಗಳನ್ನ ಗಮನಿಸಿ. ಇವುಗಳ ಶಕ್ತಿ ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಜ್ ಸುತ್ತ ಇರುತ್ತೆ. ಪ್ರತಿ 'ಸ' ಬಂದಾಗ ಚಾಕು ಎಳೆದ ಹಾಗಾದ್ರೆ ಆ ಹೆಡ್‌ಫೋನ್ ಬೇಡ.

4. ಚೆಂಡೆ, ತಾಳ, ಸಿಂಬಲ್ ಹೀಗೆ ಹೊಡೆತದ ವಾದ್ಯ ಇರೋದು. ನಮ್ಮ ಕಿವಿ 2ರಿಂದ 5 ಕಿಲೋಹರ್ಟ್ಜ್‌ನಲ್ಲಿ ಅತಿ ಸೂಕ್ಷ್ಮ. ಹೆಡ್‌ಫೋನ್ ಅಲ್ಲೇ ಉಬ್ಬಿದ್ರೆ ಐದು ನಿಮಿಷ ಸ್ಪಷ್ಟ ಅನಿಸುತ್ತೆ, ಒಂದು ಗಂಟೆಗೆ ಸುಸ್ತು. ಅದಕ್ಕೇ ಈ ಪರೀಕ್ಷೆಗೆ ಪೂರ್ತಿ ಇಪ್ಪತ್ತು ನಿಮಿಷ ಕೊಡಿ.

5. ಹಳೇ ರೆಕಾರ್ಡಿಂಗ್ ಒಂದು. ಹಿಂದೂಸ್ತಾನಿ ಖಯಾಲ್ ಕೇಳೋರಿದ್ರೆ ಅದನ್ನೇ ತಗೊಳ್ಳಿ. ತಂಬೂರಿಯ ಜವಾರಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ತುಂಬಿರುತ್ತವೆ. ಟ್ರೆಬಲ್ ಕಡಿಮೆ ಇದ್ರೆ ತಂಬೂರಿ ಮಾಯ, ಜಾಸ್ತಿ ಇದ್ರೆ ಟೇಪಿನ ಸುಯ್ ಶಬ್ದವೇ ಮುಂದೆ ಬಂದು ನಿಲ್ಲುತ್ತೆ.

ನೀವು ಕೇಳದ ಬಗೆಯ ಹಾಡಿಗೆ ಅಂಕ ಕೊಡೋ ಅಗತ್ಯ ಇಲ್ಲ. ಬೇರೆಯವರ ರಿವ್ಯೂ ಪೂರ್ತಿ ನಂಬೋಕಾಗದೇ ಇರೋದಕ್ಕೂ ಕಾರಣ ಇದೇ. ಅವರ ಐದು ಹಾಡು ಬೇರೆ, ನಿಮ್ಮ ಐದು ಹಾಡು ಬೇರೆ.

ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್

ಕಪ್‌ನ ಹಿಂಭಾಗ ಜಾಲರಿಯಾಗಿದ್ದರೆ ಓಪನ್, ಮುಚ್ಚಿದ್ದರೆ ಕ್ಲೋಸ್ಡ್. ಓಪನ್‌ನಲ್ಲಿ ಧ್ವನಿ ತಲೆಯ ಹೊರಗೆ ಹರಡಿದ ಹಾಗೆ ಕೇಳುತ್ತೆ, ಕಛೇರಿಗೂ ಖಯಾಲಿಗೂ ಬಹಳ ಹಿತ. ಆದರೆ ಸಾಮಾನ್ಯ ಡೈನಾಮಿಕ್ ಡ್ರೈವರ್ ಇರೋ ಓಪನ್ ಹೆಡ್‌ಫೋನ್‌ಗಳಲ್ಲಿ ಅತಿ ಆಳದ ಬಾಸ್ ಕಡಿಮೆಯಾಗುತ್ತಾ ಹೋಗುತ್ತೆ. ಜೊತೆಗೆ ನೀವು ಕೇಳೋದೆಲ್ಲ ಪಕ್ಕದ ಮಂಚದವನಿಗೂ ಕೇಳುತ್ತೆ. ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟ್ ಹತ್ತಿರ ಬೈಸಿಕೊಳ್ಳೋ ಆಸೆ ಇಲ್ಲದಿದ್ರೆ ಹಾಸ್ಟೆಲ್‌ಗೆ ಕ್ಲೋಸ್ಡ್ ಒಳ್ಳೇದು. ಮನೆಯಿಂದ ಓಡಾಡೋರಿಗೆ, ಸ್ವಂತ ರೂಮ್ ಇರೋರಿಗೆ ಓಪನ್ ನಡೆಯುತ್ತೆ.

ಕನ್ನಡಕ ಹಾಕೋರು ಒಂದು ವಿಷಯ ನೆನಪಿಡಿ. ಕ್ಲೋಸ್ಡ್ ಹೆಡ್‌ಫೋನ್‌ನ ಬಾಸ್ ನಿಂತಿರೋದು ಪ್ಯಾಡ್ ಕಿವಿಯ ಸುತ್ತ ಬಿಗಿಯಾಗಿ ಕೂರೋದರ ಮೇಲೆ. ಕನ್ನಡಕದ ಕಾಲು ಪ್ಯಾಡನ್ನ ಎತ್ತಿದ್ರೆ ಗಾಳಿ ಸೋರಿ ಬಾಸ್ ಇಳಿಯುತ್ತೆ. ಆದ್ದರಿಂದ ಟ್ರೈ ಮಾಡುವಾಗ ಕನ್ನಡಕ ಹಾಕಿಕೊಂಡೇ ಮಾಡಿ.

ಡಬ್ಬದ ಮೇಲಿನ ಎರಡು ಅಂಕಿ

'20 ಹರ್ಟ್ಜ್‌ನಿಂದ 20,000 ಹರ್ಟ್ಜ್' ಅನ್ನೋ ಸಾಲನ್ನ ಬಿಟ್ಟುಬಿಡಿ. ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಅಂತ ಹೇಳದಿದ್ರೆ ಆ ಸಾಲಿಗೆ ಅರ್ಥವೇ ಇಲ್ಲ. ನೋಡಬೇಕಾದ್ದು ಎರಡು: ಇಂಪೀಡೆನ್ಸ್ ಮತ್ತು ಸೆನ್ಸಿಟಿವಿಟಿ. ನಿಮ್ಮ ಫೋನ್ ಅದನ್ನ ನಡೆಸಬಲ್ಲದಾ ಅಂತ ಇವೆರಡರಿಂದಲೇ ತಿಳಿಯುತ್ತೆ.

ಎರಡು ಹೆಡ್‌ಫೋನ್ ಹೋಲಿಸೋಣ. ಆಡಿಯೋ ಟೆಕ್ನಿಕಾ ಎಂ40ಎಕ್ಸ್: 35 ಓಮ್, ಒಂದು ಮಿಲಿವಾಟ್‌ಗೆ 98 ಡೆಸಿಬೆಲ್. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊದ 250 ಓಮ್ ಮಾದರಿ: ಒಂದು ಮಿಲಿವಾಟ್‌ಗೆ 96 ಡೆಸಿಬೆಲ್. ನೋಡೋಕೆ ಎರಡೇ ಡೆಸಿಬೆಲ್ ವ್ಯತ್ಯಾಸ. ಆದರೆ ಫೋನ್ ಕೊಡೋದು ವೋಲ್ಟೇಜ್, ಒಂದು ಮಿಲಿವಾಟ್ ಅಂತ ಅಳೆದು ಕೊಡಲ್ಲ. ಒಂದು ಮಿಲಿವಾಟ್‌ಗೆ ಬೇಕಾದ ವೋಲ್ಟೇಜ್ ಎಷ್ಟು ನೋಡೋಣ.

ವೋಲ್ಟೇಜ್ = √(ಪವರ್ × ಇಂಪೀಡೆನ್ಸ್)

35 ಓಮ್‌ಗೆ: √(0.001 × 35) = ಸುಮಾರು 0.19 ವೋಲ್ಟ್.
250 ಓಮ್‌ಗೆ: √(0.001 × 250) = 0.5 ವೋಲ್ಟ್.

ಈಗ ನಿಮ್ಮ ಫೋನ್ ಹೆಚ್ಚೆಂದರೆ 0.5 ವೋಲ್ಟ್ ಕೊಡುತ್ತೆ ಅಂತ ಇಟ್ಕೊಳ್ಳಿ. ಡಿಟಿ 990ರಲ್ಲಿ ಫುಲ್ ವಾಲ್ಯೂಮ್ ಕೊಟ್ಟರೂ ಸಿಗೋದು 96 ಡೆಸಿಬೆಲ್. ಎಂ40ಎಕ್ಸ್‌ನಲ್ಲಿ 98ರ ಮೇಲೆ ಇನ್ನೂ 20 ಲಾಗ್ (0.5 ÷ 0.187), ಅಂದ್ರೆ 8.5 ಡೆಸಿಬೆಲ್ ಸೇರಿ ಸುಮಾರು 106. ಹತ್ತು ಡೆಸಿಬೆಲ್ ಅಂತರ ಅಂದ್ರೆ ನಮ್ಮ ಕಿವಿಗೆ ಒಂದು ಇನ್ನೊಂದರ ಎರಡರಷ್ಟು ಜೋರು.

96 ಸಾಲಲ್ವಾ ಅಂತ ಕೇಳಬಹುದು. ಬಗೆಬಗೆಯ ಸಂಗೀತ ಕೇಳೋರಿಗೆ ಇಲ್ಲೇ ಸಮಸ್ಯೆ. ಈ 96 ಅನ್ನೋದು ಗರಿಷ್ಠ ಮಟ್ಟ, ಸರಾಸರಿ ಅಲ್ಲ. ಈಗಿನ ಸಿನಿಮಾ ಹಾಡುಗಳನ್ನ ಕಂಪ್ರೆಸ್ ಮಾಡಿ ಜೋರು ಮಾಡಿರ್ತಾರೆ. ಹಾಡಿನ ಸರಾಸರಿ ಗರಿಷ್ಠಕ್ಕಿಂತ 8 ಡೆಸಿಬೆಲ್ ಮಾತ್ರ ಕೆಳಗಿದ್ದರೆ ನಿಮಗೆ ಸಿಗೋದು 88, ಬೇಕಾದಷ್ಟಾಯ್ತು. ಅದೇ ಮೆಲ್ಲಗೆ ರೆಕಾರ್ಡ್ ಮಾಡಿದ ಒಂದು ಆಲಾಪದ ಸರಾಸರಿ 25 ಡೆಸಿಬೆಲ್ ಕೆಳಗಿದ್ದರೆ ಸಿಗೋದು 71. ರೂಮಲ್ಲಿ ಫ್ಯಾನ್ ತಿರುಗ್ತಾ ಇದ್ರೆ ಮಂದ್ರದ ಸ್ವರಗಳು ಅದರಡಿಯಲ್ಲೇ ಮುಳುಗುತ್ತವೆ. ಅದೇ ಫೋನು, ಅದೇ ಹೆಡ್‌ಫೋನು, ಒಂದು ಹಾಡಿಗೆ ಸಾಕು, ಇನ್ನೊಂದಕ್ಕೆ ಸಾಲದು. ಬರೀ ಸಿನಿಮಾ ಹಾಡು ಹಾಕಿ ಟೆಸ್ಟ್ ಮಾಡಿದವನಿಗೆ ಇದು ಗೊತ್ತೇ ಆಗಲ್ಲ.

ಆದ್ದರಿಂದ ಆಂಪ್ಲಿಫೈಯರ್‌ಗೆ ದುಡ್ಡಿಲ್ಲದಿದ್ರೆ 80 ಓಮ್‌ಗಿಂತ ಕೆಳಗಿನದನ್ನೇ ಹುಡುಕಿ, ಸೆನ್ಸಿಟಿವಿಟಿಯನ್ನೂ ನೋಡಿ. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನ ಒಂದು ಮಿಲಿವಾಟ್‌ಗೆ ಬದಲು ಒಂದು ವೋಲ್ಟ್‌ಗೆ ಬರೀತಾರೆ. ಸೆನ್‌ಹೈಸರ್ ಎಚ್‌ಡಿ 560ಎಸ್ 120 ಓಮ್ ಇದ್ದರೂ ಒಂದು ವೋಲ್ಟ್‌ಗೆ 110 ಡೆಸಿಬೆಲ್ ಕೊಡುತ್ತೆ. ಅರ್ಧ ವೋಲ್ಟ್‌ಗೆ 6 ಕಳೆದರೆ 104. ಓಮ್ ಜಾಸ್ತಿ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಲೆಕ್ಕ ಹಾಕಿ ನೋಡಿ.

ಗ್ರಾಫ್ ಓದೋದು

ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್ ನೇರ ಗೆರೆ ಇದ್ರೆ ಚೆನ್ನ ಅಂತ ಅನಿಸುತ್ತೆ, ಆದರೆ ಹೆಡ್‌ಫೋನ್‌ಗೆ ಹಾಗಲ್ಲ. ಸ್ಪೀಕರ್‌ನ ಧ್ವನಿ ಹೊರಕಿವಿಗೆ ತಾಗಿ ಒಳಗೆ ಬರುವಾಗ ಸುಮಾರು 3 ಕಿಲೋಹರ್ಟ್ಜ್ ಸುತ್ತ ತಾನಾಗೇ ಉಬ್ಬುತ್ತೆ. ಹೆಡ್‌ಫೋನ್ ಆ ಉಬ್ಬನ್ನ ಉಳಿಸಿಕೊಡಬೇಕು. 2010ರ ದಶಕದಲ್ಲಿ ಹರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಸಂಗಡಿಗರು ತುಂಬ ಜನರಿಗೆ ಬೇರೆಬೇರೆ ಟ್ಯೂನಿಂಗ್ ಕೇಳಿಸಿ ಅಭಿಪ್ರಾಯ ತಗೊಂಡ್ರು. ಒಳ್ಳೇ ರೂಮಲ್ಲಿ ಒಳ್ಳೇ ಸ್ಪೀಕರ್ ಕೇಳಿದ ಹಾಗಿರೋದು, ಬಾಸ್ ಸ್ವಲ್ಪ ಎತ್ತಿರೋದು ಹೆಚ್ಚಿನವರಿಗೆ ಇಷ್ಟ ಆಯ್ತು. ಅದರಿಂದ ಬಂದದ್ದೇ ಹರ್ಮನ್ ಟಾರ್ಗೆಟ್ ಕರ್ವ್. ನೀವು ಕೊಳ್ಳೋ ಹೆಡ್‌ಫೋನಿನ ಗ್ರಾಫನ್ನ ಅದರ ಪಕ್ಕ ಇಟ್ಟು ನೋಡಿ. ಸಣ್ಣ ಏರಿಳಿತ ಬಿಡಿ, ದೊಡ್ಡ ಗುಡ್ಡ ದೊಡ್ಡ ಗುಂಡಿ ಮಾತ್ರ ಗುರುತು ಹಾಕಿಕೊಳ್ಳಿ. ನನ್ನ ಮೊದಲ ಹೆಡ್‌ಫೋನ್ ಗ್ರಾಫ್ ಆಮೇಲೆ ನೋಡಿದೆ. ಎರಡು ತುದಿ ಮೇಲೆ, ನಡುವೆ ಕಣಿವೆ. ಭಾಗವತರು ಆ ಕಣಿವೆಯಲ್ಲೇ ಸಿಕ್ಕಿಹಾಕಿಕೊಂಡಿದ್ರು.

ಹೋಲಿಸುವಾಗ ಮೋಸ ಹೋಗಬೇಡಿ

ಎರಡು ಹೆಡ್‌ಫೋನ್ ಹೋಲಿಸುವಾಗ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅನಿಸುತ್ತೆ. ಧ್ವನಿ ಸಣ್ಣದಾದಂತೆ ಬಾಸ್ ನಮಗೆ ಹೆಚ್ಚು ಕಡಿಮೆಯಾಗಿ ಕೇಳುತ್ತೆ ಅಂತ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ರು. ಅದಕ್ಕೇ ಗಾಯಕನ ಧ್ವನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರೋ ತನಕ ವಾಲ್ಯೂಮ್ ಹೊಂದಿಸಿ, ಆಮೇಲೆ ಅಂಕ ಕೊಡಿ.

ದುಡ್ಡು ಎಷ್ಟಿದ್ರೆ ಏನು?

ಎರಡು ಸಾವಿರದ ಆಸುಪಾಸು ಮಾತ್ರ ಇದ್ರೆ ತಲೆ ಮೇಲೆ ಹಾಕೋ ಹೆಡ್‌ಫೋನ್ ಆಸೆ ಬಿಟ್ಟು ವೈರ್ ಇರೋ ಒಳ್ಳೇ ಇಯರ್‌ಫೋನ್ ತಗೊಳ್ಳಿ. ಆ ಬೆಲೆಗೆ ಮೂನ್‌ಡ್ರಾಪ್ ಚು ಥರದವು ಕೊಡೋ ಸಮತೋಲನ ಹೆಡ್‌ಫೋನ್‌ಗಳಲ್ಲಿ ಸಿಗೋದು ಕಷ್ಟ. ಪಕ್ಕದವನಿಗೆ ತೊಂದರೆಯೂ ಇಲ್ಲ. ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ರೆ 1984ರಿಂದ ಬರ್ತಾ ಇರೋ ಕಾಸ್ ಪೋರ್ಟಾ ಪ್ರೊ ನೋಡಿ. ಹಗುರ, ಸೆಖೆ ಆಗಲ್ಲ, ಆದರೆ ಶಬ್ದ ಹೊರಗೆ ಸೋರುತ್ತೆ. ಇನ್ನೂ ಮೇಲೆ ಹೋದರೆ ಎಂ40ಎಕ್ಸ್ ಥರದ ಸ್ಟುಡಿಯೋ ಕ್ಲೋಸ್ಡ್ ಹೆಡ್‌ಫೋನ್‌ಗಳು ಬರುತ್ತವೆ. ನಾನು ಕೊನೆಗೆ ತಗೊಂಡಿದ್ದು ಅದನ್ನೇ, ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೇಬಲ್ ಬಿಚ್ಚಿ ಬದಲಿಸೋಕೆ ಬರುತ್ತಾ, ಪ್ಯಾಡ್ ಬೇರೆ ಸಿಗುತ್ತಾ ನೋಡಿ. ಮೊದಲು ಹಾಳಾಗೋದು ಅವೆರಡೇ.

ಇನ್ನು ಉಳಿದ ಕೊರತೆಗೆ ಇಕ್ವಲೈಜರ್ ಇದೆ, ಅದು ಪುಕ್ಕಟೆ. ವಿಂಡೋಸ್‌ನಲ್ಲಿ ಇಕ್ವಲೈಜರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್. ಬಾಸ್ 5 ಡೆಸಿಬೆಲ್ ಏರಿಸಿದ್ರೆ ಪ್ರೀಆಂಪ್ ಅನ್ನೂ 5 ಇಳಿಸಿ, ಇಲ್ಲದಿದ್ರೆ ಧ್ವನಿ ಒಡೆಯುತ್ತೆ. ದುಡ್ಡು ಕೊಟ್ಟು ಹೊಸದು ಕೊಳ್ಳೋ ಮೊದಲು ಈಗಿರೋದಕ್ಕೆ ಒಂದು ವಾರ ಇದನ್ನ ಮಾಡಿ ನೋಡಿ. ಕೊಳ್ಳೋ ಅಗತ್ಯವೇ ಇಲ್ಲ ಅನಿಸಬಹುದು.

ಕೊನೆಗೆ, ಕಿವಿ

ಹೆಡ್‌ಫೋನ್ ಹಾಳಾದ್ರೆ ಬದಲಿಸಬಹುದು, ಕಿವಿ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. 90ಕ್ಕೆ ಹೋದರೆ ಬರೀ 4 ಗಂಟೆ. ಮೇಲೆ ನಾವು ಹಾಕಿದ ಲೆಕ್ಕದಲ್ಲಿ 106 ಬಂತಲ್ಲ, ಅದು ಹೆಡ್‌ಫೋನಿಗೆ ಮಿಗಿಸಿಟ್ಟ ಶಕ್ತಿ, ನೀವು ಕೇಳಬೇಕಾದ ಮಟ್ಟ ಅಲ್ಲ. ಸದ್ದಿರೋ ಬಸ್ಸಲ್ಲಿ ವಾಲ್ಯೂಮ್ ಏರಿಸೋ ಬದಲು ಹೊರಗಿನ ಶಬ್ದ ತಡೆಯೋದನ್ನ ಹಾಕಿಕೊಳ್ಳಿ.

ಈ ಸಲ ರಜೆಗೆ ಹೋಗುವಾಗ ಹೆಡ್‌ಫೋನ್ ತಗೊಂಡು ಹೋಗಿ ಅಜ್ಜನ ತಲೆಗೆ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, "ಮದ್ದಳೆ ಸರಿ ಕೇಣತ್ತ್ ಮಗಾ, ಚೆಂಡೆ ಒಂಚೂರು ದೂರ ಆಯ್ತ್" ಅಂದ್ರು. ಗ್ರಾಫ್ ನೋಡಿದೆ. ಮೇಲ್ಭಾಗದಲ್ಲಿ ಸಣ್ಣ ಗುಂಡಿ ಇತ್ತು. ಎರಡು ಡೆಸಿಬೆಲ್ ಏರಿಸಿ ಮತ್ತೆ ಕೊಟ್ಟೆ. ಏನೂ ಹೇಳಲಿಲ್ಲ, ಪ್ರಸಂಗ ಮುಗಿಯೋ ತನಕ ವಾಪಸ್ಸೂ ಕೊಡಲಿಲ್ಲ. ನನ್ನ ಅಂಕಪಟ್ಟಿಯಲ್ಲಿ ಯಕ್ಷಗಾನಕ್ಕೆ ಈಗ 7 ಇದೆ.