ಉಗುರು ಅಲಂಕಾರದ ವೃತ್ತಿ ಮತ್ತು ಸಾಮಾಜಿಕ ಜಾಲತಾಣ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಸ್ವಸಹಾಯ ಸಂಘದ ಸಾಲದ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಅಂಕಣದ ಎದುರು ಹಸು, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ ಎಂದು ಬರೆದಿದ್ದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದೇ ಅಂಕಣದಲ್ಲಿ ‘ನೇಲ್ ಆರ್ಟ್’ ಎಂದಿದ್ದರೆ ಸಭೆಯಲ್ಲಿ ನಗು ಏಳುತ್ತದೆ. ಅರ್ಜಿದಾರಳು ತನ್ನ ಕೆಲಸದ ವಿಡಿಯೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾಳೆಂದು ತಿಳಿದರೆ ಆ ನಗು ಪಿಸುಮಾತಾಗಿ ಊರೊಳಗೆ ಹರಡುತ್ತದೆ. ಉಗುರಿಗೆ ಬಣ್ಣ ಹಚ್ಚುವುದೂ ಒಂದು ಉದ್ಯೋಗವೇ? ಈ ವೃತ್ತಿ ಹಿಡಿದ ಗ್ರಾಮೀಣ ಯುವತಿ ಮೊಬೈಲ್ ಮೂಲಕ ಗಿರಾಕಿಗಳನ್ನು ಗಳಿಸುವ ಬಗೆ ಯಾವುದು, ಅವಳು ಎಡವುವುದು ಎಲ್ಲಿ, ಆ ಎಡವುವಿಕೆಯಲ್ಲಿ ಊರಿನ ಪಾಲು ಎಷ್ಟು ಎಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಉಗುರನ್ನು ಬಣ್ಣಗೊಳಿಸುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಆಷಾಢ ಬಂತೆಂದರೆ ಗೋರಂಟಿ ಸೊಪ್ಪು ಅರೆದು ಬೆರಳ ತುದಿಗೆ ಕಟ್ಟುವ ರೂಢಿ ಇಂದಿಗೂ ಉಳಿದಿದೆ. ಗೋರಂಟಿಯ ಬಣ್ಣದ ಅಂಶವು ಉಗುರಿನ ಕೆರಾಟಿನ್ ಎಂಬ ಪದಾರ್ಥದೊಡನೆ ಬೆಸೆದುಕೊಳ್ಳುವುದರಿಂದ ಚರ್ಮದ ಕೆಂಪು ಮಾಸಿದರೂ ಉಗುರಿನ ಕೆಂಪು ಹೋಗದು. ಉಗುರು ಬೆಳೆದು ಕತ್ತರಿಸಿದಾಗಲೇ ಅದು ಕಳೆಯುವುದು. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಇಂದಿನ ಜೆಲ್ ಅಲಂಕಾರದ ವ್ಯಾಪಾರವೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆಯೇ. ಮೂರು ವಾರ ಕಳೆಯುವಷ್ಟರಲ್ಲಿ ಬುಡದಲ್ಲಿ 2 ಮಿಲಿಮೀಟರ್ ಖಾಲಿ ಜಾಗ ಕಾಣಿಸತೊಡಗುತ್ತದೆ. ಗಿರಾಕಿ ಮರಳಿ ಬರುತ್ತಾಳೆ. ಸೀರೆ ಕೊಂಡವಳು ಮತ್ತೆ ಯಾವಾಗ ಬರುವಳೋ ತಿಳಿಯದು. ಜೆಲ್ ಹಾಕಿಸಿಕೊಂಡವಳು ಬರುವ ವಾರವನ್ನು ಮೊದಲೇ ಹೇಳಬಹುದು.

ಅಲ್ಪ ಬಂಡವಾಳ ಮತ್ತು ಕೈಚಳಕದಿಂದ ಈ ವೃತ್ತಿ ಬದುಕು ಕಟ್ಟಿಕೊಟ್ಟ ನಿದರ್ಶನ ಅಮೆರಿಕದಲ್ಲಿದೆ. ವಿಯೆಟ್ನಾಂ ಯುದ್ಧ ಮುಗಿದ 1975ರಲ್ಲಿ ದೇಶ ಬಿಟ್ಟು ಬಂದ ನಿರಾಶ್ರಿತರು ಕ್ಯಾಲಿಫೋರ್ನಿಯಾದ ಹೋಪ್ ವಿಲೇಜ್ ಎಂಬ ಶಿಬಿರದಲ್ಲಿ ತಂಗಿದ್ದರು. ಅವರ ನೆರವಿಗೆ ಬಂದಿದ್ದ ಚಿತ್ರನಟಿ ಟಿಪ್ಪಿ ಹೆಡ್ರನ್ ಅವರ ಬಣ್ಣದ ಉಗುರುಗಳು ಅಲ್ಲಿನ ಮಹಿಳೆಯರ ಕಣ್ಣಿಗೆ ಬಿದ್ದವು. ಆಕೆ ತನ್ನ ಉಗುರು ಅಲಂಕಾರದವಳನ್ನೇ ಶಿಬಿರಕ್ಕೆ ಕರೆಸಿ ಸುಮಾರು 20 ಮಹಿಳೆಯರಿಗೆ ಕೆಲಸ ಕಲಿಸಿದರು. ಇಂಗ್ಲಿಷ್ ಬಾರದ, ಕೈಯಲ್ಲಿ ಕಾಸಿಲ್ಲದ ಆ ಮಹಿಳೆಯರಿಂದ ಅವರ ಬಂಧುಗಳಿಗೆ, ಬಂಧುಗಳಿಂದ ನೆರೆಯವರಿಗೆ ವಿದ್ಯೆ ಹಬ್ಬಿತು. ಇಂದು ಆ ದೇಶದ ಉಗುರು ಅಲಂಕಾರ ಮಳಿಗೆಗಳಲ್ಲಿ ದೊಡ್ಡ ಪಾಲು ವಿಯೆಟ್ನಾಂ ಮೂಲದವರ ಕೈಯಲ್ಲಿದೆ. ಅವರಿಗೆ ಗಿರಾಕಿ ಸಿಕ್ಕಿದ್ದು ಬೀದಿಯ ಮಳಿಗೆಯಿಂದ. ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಆ ಬೀದಿಯಿಲ್ಲ; ಅವಳಿಗಿರುವ ಬೀದಿ ಮೊಬೈಲ್.

ಹಿಂಬಾಲಕರು ಹತ್ತು ಸಾವಿರ, ಗಿರಾಕಿಗಳು ಎಷ್ಟು?

ಇನ್‌ಸ್ಟಾಗ್ರಾಂ 2010ರಲ್ಲಿ ಆರಂಭವಾಯಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧಗೊಂಡ ಮರುತಿಂಗಳೇ ಅದರಲ್ಲಿ ಕಿರು ವಿಡಿಯೋಗಳ ‘ರೀಲ್ಸ್’ ಸೌಲಭ್ಯ ನಮ್ಮ ದೇಶಕ್ಕೆ ಬಂತು. ಅಂದಿನಿಂದ ಕೈಕೆಲಸದ ವಿಡಿಯೋಗಳಿಗೆ ನೋಡುಗರ ಬರವಿಲ್ಲ. ಕುಂಚದ ತುದಿಯಿಂದ ಉಗುರಿನ ಮೇಲೆ ನವಿಲುಗರಿ ಮೂಡುವುದನ್ನು ಜನ ಬಿಡದೆ ನೋಡುತ್ತಾರೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ.

ಉದಾಹರಣೆಗೆ, ಜಗಳೂರು ತಾಲ್ಲೂಕಿನ ಯುವತಿಯೊಬ್ಬಳ ಪುಟಕ್ಕೆ ಹತ್ತು ಸಾವಿರ ಹಿಂಬಾಲಕರಿದ್ದಾರೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ಬಹುಪಾಲು ಮಂದಿ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದಿನವರಾದರೆ ಅವಳ ಮುಂದೆ ಕೈ ಚಾಚಿ ಕೂರುವವರು ಯಾರೂ ಇಲ್ಲ. ಇನ್ನೊಬ್ಬಳಿಗೆ ಇರುವ ಮುನ್ನೂರು ಹಿಂಬಾಲಕರೆಲ್ಲ ಬಿಳಿಚೋಡು, ಅಸಗೋಡು, ಜಗಳೂರು ಪಟ್ಟಣದ ಕಾಲೇಜು ವಿದ್ಯಾರ್ಥಿನಿಯರು ಮತ್ತು ಮದುವೆ ನಿಶ್ಚಯವಾದ ಮನೆಯವರಾಗಿದ್ದರೆ ಅವಳ ದಿನಚರಿ ಭರ್ತಿಯಾಗುತ್ತದೆ. ಉಗುರು ಅಲಂಕಾರವು ಕೈ ಹಿಡಿದು ಮಾಡುವ ಸೇವೆ. ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಾಚೆಗೆ ಅದು ದುಡಿಯದು. ಹೀಗಿರುವಾಗ ಹಣ ಕೊಟ್ಟು ಹಿಂಬಾಲಕರನ್ನು ಕೊಳ್ಳುವುದು ಬರಡು ಎಮ್ಮೆಗೆ ಹಿಂಡಿ ಹಾಕಿದಂತೆ.

ಆದುದರಿಂದ ಮೊದಲು ಹಾಕಬೇಕಾದ ಪ್ರಶ್ನೆ ‘ಯಾವ ಊರಿನವರಿಗೆ ಕಾಣಿಸಬೇಕು?’ ಎಂಬುದು. ಜಿಲ್ಲೆಯ ಗಡಿಯನ್ನು ಇಲ್ಲಿ ನೆಚ್ಚುವಂತಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜನರ ಓಡಾಟದ ದಿಕ್ಕು ಇಂದಿಗೂ ಪೂರ್ತಿ ಬದಲಾಗಿಲ್ಲ. ನ್ಯಾಮತಿಯಿಂದ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ನ್ಯಾಮತಿಯ ಯುವತಿ ತನ್ನ ವಿಡಿಯೋಗೆ ಸ್ಥಳದ ಹೆಸರು ಸೇರಿಸುವಾಗ ಒಮ್ಮೆ ನ್ಯಾಮತಿ, ಒಮ್ಮೆ ಸವಳಂಗ, ಒಮ್ಮೆ ಶಿವಮೊಗ್ಗ ಎಂದು ಹಾಕಿದರೆ ಫಲ ಹೆಚ್ಚು. ಊರಿನ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಬರೆಯಬೇಕು. ಹುಡುಕುವವರು ಎರಡರಲ್ಲೂ ಹುಡುಕುತ್ತಾರೆ. ಸಿನಿಮಾ ಹಾಡಿಗಿಂತ ಸ್ವಂತ ದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿಯೇ ವಿವರಣೆ ಕೊಡುವುದು ಲೇಸು. ವ್ಯಾಪಾರದ ಖಾತೆಗಳಿಗೆ ಅನೇಕ ಹಾಡುಗಳು ಲಭ್ಯವೂ ಇಲ್ಲ. ‘ಇವಳು ನಮ್ಮ ಕಡೆಯವಳು’ ಎಂದು ಕೇಳಿದೊಡನೆ ತಿಳಿಯುವುದೇ ಆ ದನಿಯ ಬೆಲೆ.

ಎರಡನೆಯ ಪ್ರಶ್ನೆ ಕಾಲದ್ದು. ಈ ವೃತ್ತಿಯ ಸುಗ್ಗಿಯನ್ನು ಪಂಚಾಂಗವೇ ಹೇಳುತ್ತದೆ. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಮದುವೆಯ ಕೆಲಸ. ಆಷಾಢ ಮತ್ತು ಪುಷ್ಯದಲ್ಲಿ ಬಿಡುವು. ಬಿಡುವಿನ ತಿಂಗಳಲ್ಲಿ ಮಾದರಿಗಳನ್ನು ಮಾಡಿ, ಚಿತ್ರೀಕರಿಸಿ ಇಟ್ಟುಕೊಂಡವಳು ಲಗ್ನಪತ್ರಿಕೆ ಅಚ್ಚಾಗುವ ಹೊತ್ತಿಗೆ ಒಂದೊಂದನ್ನೇ ಹೊರಬಿಡಬಹುದು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನ ಹಣ ಕೈಸೇರುವ ಸಮಯ, ಹೊನ್ನಾಳಿ ಮತ್ತು ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳ ಮಾರುವ ಸಮಯ, ಮಳೆಯನ್ನೇ ನೆಚ್ಚಿದ ಜಗಳೂರಿನಲ್ಲಿ ಶೇಂಗಾ, ಈರುಳ್ಳಿಯ ಧಾರಣೆ ಇವೆಲ್ಲ ಅವಳ ಗಿರಾಕಿಯ ಕೈಯ ಹಣವನ್ನು ನಿರ್ಧರಿಸುತ್ತವೆ. ನಾಟಿ ಹಾಕುವ ಕೈಗೆ, ಅಡಿಕೆ ಸುಲಿದು ಚೊಗರು ಹತ್ತಿದ ಬೆರಳಿಗೆ ಜೆಲ್ ನಿಲ್ಲದು. ಆ ಮಹಿಳೆಯರಿಗೆ ಬೇಕಾದುದು ಮದುವೆ, ಜಾತ್ರೆಯ ಎರಡು ದಿನ ಅಂಟಿಸಿಕೊಂಡು ತೆಗೆದಿಡಬಹುದಾದ ಸಿದ್ಧ ಉಗುರು.

ಈ ಸಿದ್ಧ ಉಗುರೇ ದೂರದ ಹಿಂಬಾಲಕರನ್ನೂ ಗಿರಾಕಿಗಳನ್ನಾಗಿ ಮಾಡಬಲ್ಲ ಏಕೈಕ ದಾರಿ. ಹತ್ತು ಉಗುರುಗಳ ಜೋಡಣೆಯನ್ನು ಮನೆಯಲ್ಲೇ ಚಿತ್ರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬಹುದು. ಅಳತೆಗೆ ಸರಳ ಉಪಾಯವಿದೆ. ಗಿರಾಕಿ ತನ್ನ ಬೆರಳುಗಳ ಪಕ್ಕದಲ್ಲಿ 10 ರೂಪಾಯಿ ನಾಣ್ಯವಿಟ್ಟು ಮೇಲಿನಿಂದ ನೇರವಾಗಿ ಫೋಟೋ ತೆಗೆದು ಕಳುಹಿಸುವುದು. ನಾಣ್ಯದ ವ್ಯಾಸ 27 ಮಿಲಿಮೀಟರ್. ಆ ಅನುಪಾತದಿಂದ ಪ್ರತಿ ಉಗುರಿನ ಅಗಲವನ್ನು ಲೆಕ್ಕ ಹಾಕಬಹುದು. ಫೋಟೋ ಓರೆಯಾಗಿದ್ದರೆ ಲೆಕ್ಕ ತಪ್ಪುತ್ತದೆ, ವಸ್ತು ವಾಪಸು ಬರುತ್ತದೆ. ಆದ್ದರಿಂದ ಅಳತೆಯ ಫೋಟೋ ತೆಗೆಯುವ ವಿಧಾನದ ಬಗ್ಗೆಯೇ ಒಂದು ವಿಡಿಯೋ ಮಾಡಿ ಪುಟದ ಮೇಲ್ತುದಿಯಲ್ಲಿ ಇಡುವುದು ಜಾಣತನ.

ಉಳಿದ ತಾಂತ್ರಿಕ ವಿಷಯಗಳು ಅಲ್ಪ. ಬೆಳಗಿನ ಹೊತ್ತು ಕಿಟಕಿಯ ಬೆಳಕು, ಮೊಬೈಲ್ ಅಲುಗದಂತೆ ಒಂದು ಆಸರೆ, ಅರ್ಧ ನಿಮಿಷ ಮೀರದ ವಿಡಿಯೋ ಇಷ್ಟಿದ್ದರೆ ಸಾಕು. ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ. ಅದರಲ್ಲಿ ಮಾದರಿಗಳ ಪಟ್ಟಿ, ದರ, ಕೆಲಸದ ವೇಳೆ ಹಾಕಿಡಬಹುದು. ಮಳಿಗೆ ಇದ್ದವರು ಗೂಗಲ್ ನಕ್ಷೆಯಲ್ಲಿಯೂ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಮುಖವಿಲ್ಲದ ಪ್ರಚಾರ

ಸೌಂದರ್ಯ ವೃತ್ತಿಗಳಲ್ಲಿ ಉಗುರು ಅಲಂಕಾರಕ್ಕೆ ಒಂದು ವಿಶೇಷ ಅನುಕೂಲವಿದೆ. ಕ್ಯಾಮೆರಾಗೆ ಬೇಕಾದುದು ಬೆರಳು ಮಾತ್ರ. ಮಾಡುವವಳ ಮುಖವೂ ಮಾಡಿಸಿಕೊಂಡವಳ ಮುಖವೂ ಕಾಣಬೇಕಿಲ್ಲ. ಮಗಳ ಮುಖ ಮೊಬೈಲಿನಲ್ಲಿ ಓಡಾಡಬಾರದೆಂದು ಹಟ ಹಿಡಿದ ಮನೆಗಳಲ್ಲಿಯೂ ಈ ಕಾರಣದಿಂದ ಒಪ್ಪಿಗೆ ಸಿಕ್ಕೀತು. ಮುಖ ತೋರಿಸಲು ಇಚ್ಛಿಸುವವಳು ತೋರಿಸಲಿ, ಅದು ಅವಳ ಹಕ್ಕು. ಆದರೆ ಹಾಗೆ ತೋರಿಸದೆಯೂ ವೃತ್ತಿ ಬೆಳೆಯುತ್ತದೆ ಎಂಬುದು ಅನೇಕ ಮನೆಗಳ ಜಗಳವನ್ನು ತಪ್ಪಿಸಬಲ್ಲ ಸಂಗತಿ. ಮದುವಣಗಿತ್ತಿಯ ಕೈಯನ್ನು ಚಿತ್ರೀಕರಿಸುವ ಮೊದಲು ಅವಳ ಒಪ್ಪಿಗೆ ಬೇಕು. ಮೆಹಂದಿಯಲ್ಲಿ ಬರೆದ ವರನ ಹೆಸರು, ಹಚ್ಚೆ, ಉಂಗುರಗಳಿಂದ ಕೈಯ ಗುರುತು ಸಿಗುತ್ತದೆ.

ಖಾಸಗಿ ಮೊಬೈಲ್ ಸಂಖ್ಯೆಯನ್ನು ಪುಟದಲ್ಲಿ ಹಾಕಬಾರದು. ವೃತ್ತಿಗೆಂದೇ ಬೇರೆ ಸಂಖ್ಯೆ ಇರಬೇಕು. ಮನೆಯ ವಿಳಾಸದ ಬದಲು ಊರಿನ ಹೆಸರು ಸಾಕು. ಉಳಿದುದನ್ನು ಗಿರಾಕಿ ಖಚಿತವಾದ ಮೇಲೆ ತಿಳಿಸಬಹುದು. ಖಾತೆಗೆ ಎರಡು ಹಂತದ ಭದ್ರತೆ ಇರಲಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬ ಒಂದು ಮಾತನ್ನು ನೆನಪಿಟ್ಟರೆ ಮುಂಗಡದ ಹೆಸರಿನ ಮೋಸಗಳಲ್ಲಿ ಬಹುಪಾಲು ತಪ್ಪುತ್ತವೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಆದರೆ ಇಂತಹ ಪುಟಗಳು ಮುಚ್ಚುವುದು ಮೋಸಗಾರರಿಂದಲೇ ಅಲ್ಲ. ಊರಿನ ಗುಂಪೊಂದರಲ್ಲಿ ಯಾರೋ ಅವಳ ವಿಡಿಯೋ ಹಂಚಿ ಕೆಳಗೆ ಒಂದು ಕುಹಕದ ಸಾಲು ಬರೆಯುತ್ತಾರೆ. ನಾಲ್ಕು ಮಂದಿ ನಗುವ ಚಿಹ್ನೆ ಹಾಕುತ್ತಾರೆ. ಸಂಜೆಯೊಳಗೆ ಅದು ಅವಳ ಅಣ್ಣನ ಮೊಬೈಲಿಗೆ ತಲುಪುತ್ತದೆ. ರಾತ್ರಿ ಅವಳ ಮೊಬೈಲ್ ಕಸಿದುಕೊಳ್ಳಲಾಗುತ್ತದೆ. ಸಂಘದ ಸಾಲದ ಕಂತು ಮಾತ್ರ ಉಳಿಯುತ್ತದೆ. ಆ ಗುಂಪಿನಲ್ಲಿ ಪಂಚಾಯಿತಿ ಸದಸ್ಯರೊಬ್ಬರು ಇದ್ದು ಮೌನವಾಗಿದ್ದರೆ ಆ ಮೌನವನ್ನು ಊರು ಒಪ್ಪಿಗೆಯೆಂದೇ ಓದುತ್ತದೆ. ‘ಇದು ಅವಳ ದುಡಿಮೆ, ಅಳಿಸಿಹಾಕಿ’ ಎಂದು ಸದಸ್ಯರು ಬರೆಯುವ ಒಂದು ಸಾಲಿಗೆ ಯಾವ ತರಬೇತಿಗೂ ಇಲ್ಲದ ಬಲವಿದೆ. ಮಹಿಳೆಯೊಬ್ಬಳು ಬೇಡವೆಂದ ಮೇಲೆಯೂ ಪದೇಪದೇ ಸಂಪರ್ಕಿಸುವುದು, ಜಾಲತಾಣದಲ್ಲಿ ಅವಳ ಚಟುವಟಿಕೆಯ ಬೆನ್ನುಹತ್ತುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಪ್ರಕರಣದಡಿ ಅಪರಾಧ. ನಕಲಿ ಖಾತೆ, ತಿರುಚಿದ ಚಿತ್ರಗಳ ವಿಷಯದಲ್ಲಿ ಸೈಬರ್ ಅಪರಾಧ ಠಾಣೆಗೆ ದೂರು ಕೊಡಲು ಜೊತೆಗೆ ಹೋಗುವುದೂ ಸದಸ್ಯರ ಸೇವೆಯೇ. ಪರದೆಯ ಚಿತ್ರಗಳನ್ನು ಅಳಿಸದೆ ಉಳಿಸಿಕೊಳ್ಳುವಂತೆ ಅವಳಿಗೆ ಮೊದಲೇ ತಿಳಿಸಬೇಕು.

ಸಾಮಗ್ರಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬಣ್ಣ ತೆಗೆಯುವ ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ; ಒಲೆಯಿರುವ ಕೋಣೆಯಲ್ಲಿ ಈ ಕೆಲಸ ಸಲ್ಲದು. ಗಾಳಿಯಾಡುವ ಜಾಗ ಬೇಕು. ಜೆಲ್ ಬೇಗ ಗಟ್ಟಿಯಾಗಲು ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪ್ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ತಯಾರಕರ ಹೆಸರು, ಘಟಕಗಳ ಪಟ್ಟಿ ಇಲ್ಲದ ಅಗ್ಗದ ಬಾಟಲಿಗಳನ್ನು ದೂರವಿಡಬೇಕು. ಉಗುರುಸುತ್ತು, ಶಿಲೀಂಧ್ರ ಸೋಂಕು ಇದ್ದ ಗಿರಾಕಿಯನ್ನು ವೈದ್ಯರ ಬಳಿಗೆ ಕಳುಹಿಸುವುದೇ ಸರಿ. ಹಾಗೆ ಕಳುಹಿಸಿದವಳ ಹೆಸರು ಊರಿನಲ್ಲಿ ಕೆಡುವುದಿಲ್ಲ.

ಪಂಚಾಯಿತಿಯ ಕೈಯಲ್ಲಿರುವುದು

ತರಬೇತಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಿಂದ ಬೆಳೆದ ಈ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯ ತರಬೇತಿ ಊಟ, ವಸತಿ ಸಹಿತ ಉಚಿತ. ತರಬೇತಿಯ ನಂತರವೂ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಅವುಗಳ ಕ್ರಮ. ಉಗುರು ಅಲಂಕಾರವನ್ನಷ್ಟೇ ಕಲಿತು ಹಳ್ಳಿಯಲ್ಲಿ ವರ್ಷಪೂರ್ತಿ ದುಡಿಯುವುದು ಕಷ್ಟ. ಮೆಹಂದಿ, ವಧುವಿನ ಅಲಂಕಾರ, ಸೀರೆ ಉಡಿಸುವುದು ಜೊತೆಗಿದ್ದರೆ ಆಷಾಢವನ್ನು ದಾಟಬಹುದು. ಉದ್ಯಮ ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗಳು ಕೇಳುವ ಹಣ ಕೊಡಬೇಕಾಗಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲವಿದೆ. ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕವೂ ಅರ್ಜಿ ಸಲ್ಲಿಸಬಹುದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿರುವ ಮಾರ್ಗಗಳಲ್ಲಿ ಗಿರಾಕಿಯ ಪ್ರಯಾಣವೂ ಉಚಿತವಾಗಿದೆ. ಈ ಮಾತನ್ನು ವಿಡಿಯೋದಲ್ಲಿ ಹೇಳುವವರು ಕಡಿಮೆ, ಹೇಳಿದರೆ ಪಕ್ಕದ ತಾಲ್ಲೂಕಿನವರೂ ಬಂದಾರು.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗಣಕಯಂತ್ರ, ಅಂತರ್ಜಾಲ ಇದ್ದಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಇಂತಹ ಯುವತಿಯರಿಗೆ ಮೀಸಲಿಡಬಹುದು. ಮೊಬೈಲ್ ಮನೆಯವರೊಡನೆ ಹಂಚಿಕೊಳ್ಳಬೇಕಾದವಳಿಗೆ ಅದೇ ಕಚೇರಿ. ಪಂಚಾಯಿತಿಯ ವಾಣಿಜ್ಯ ಮಳಿಗೆಗಳನ್ನು ಹಂಚುವಾಗ ಈ ವೃತ್ತಿಯವರನ್ನೂ ಗಣನೆಗೆ ತೆಗೆದುಕೊಳ್ಳುವಂತೆ ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸಬಹುದು. ಇಬ್ಬರು ಮೂವರು ಸೇರಿ ಒಂದೇ ಮಳಿಗೆ ಹಿಡಿದರೆ ಬಾಡಿಗೆ ಹಗುರ, ಒಬ್ಬಳೇ ಕೂರುವ ಅಳುಕೂ ಇಲ್ಲ.

ಮುಂದಿನ ಮಹಿಳಾ ಗ್ರಾಮ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ಕ್ಷೇತ್ರದಲ್ಲಿ ಉಗುರು ಅಲಂಕಾರ, ಮೆಹಂದಿ, ಹೊಲಿಗೆ, ಕಸೂತಿ ಕೆಲಸವನ್ನು ಮೊಬೈಲ್ ಮೂಲಕ ಮಾರುತ್ತಿರುವ ಮಹಿಳೆಯರ ಪಟ್ಟಿಯನ್ನು ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ನೆರವಿನಿಂದ ಸಿದ್ಧಪಡಿಸುವುದು ಸೂಕ್ತ. ಹೆಸರು, ವೃತ್ತಿ, ಪಡೆದ ತರಬೇತಿ, ಸಾಲದ ಅಗತ್ಯ ಇಷ್ಟು ಅಂಕಣಗಳು ಸಾಕು. ಸಂಪರ್ಕ ಸಂಖ್ಯೆಯ ಅಂಕಣದಲ್ಲಿ ಅವರು ವೃತ್ತಿಗೆ ಬಳಸುವ ಸಂಖ್ಯೆಯನ್ನು ಮಾತ್ರ, ಅದೂ ಅವರನ್ನು ಕೇಳಿಯೇ ಬರೆದುಕೊಳ್ಳಬೇಕು. ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚತಕ್ಕದ್ದಲ್ಲ.