ಬೆಂಚು ಬಿಟ್ಟು ಏಳಿ, ಮಕ್ಕಳೇ

ದೃಢೀಕರಣದ ಆರಾಧನೆ ಚೆನ್ನಾಗಿಯೇ ನಡೆಯಿತು. ಕೇಳಿದ ಪ್ರಶ್ನೆಗಳಿಗೆಲ್ಲ ತಡವರಿಸದೆ ಉತ್ತರ ಒಪ್ಪಿಸಿದಿರಿ, ಕರ್ತನ ಭೋಜನದಲ್ಲಿ ಮೊದಲ ಸಲ ಪಾಲು ತೆಗೆದುಕೊಂಡಿರಿ, ಮನೆಯಲ್ಲಿ ಬಿರಿಯಾನಿಯೂ ಆಯಿತು. ಸಭೆಯ ಹಿರಿಯನಾಗಿ ನನಗೀಗ ಇರುವುದು ಒಂದೇ ಹೆದರಿಕೆ. ನಮ್ಮಲ್ಲಿ ಬಹಳ ಮಂದಿ ಇದನ್ನೇ ಕೊನೆಯ ನಿಲ್ದಾಣ ಅಂದುಕೊಳ್ಳುತ್ತಾರೆ. ಆಮೇಲೆ ಕ್ರಿಸ್‌ಮಸ್, ಶುಭ ಶುಕ್ರವಾರ, ಬೆಳೆ ಹಬ್ಬದ ಏಲಂ, ನೆಂಟರ ಮದುವೆ; ನಂಬಿಕೆ ಅಷ್ಟಕ್ಕೇ ನಿಂತುಬಿಡುತ್ತದೆ. ಕೆಟ್ಟವರು ಅಂತ ಅವರನ್ನು ಯಾರೂ ಹೇಳುವ ಹಾಗಿಲ್ಲ. ಆದರೆ ಬೆಳೆಯಲಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಕೊನೆಯ ಭಾಗವನ್ನು ಈ ವಾರ ತೆಗೆದು ಓದಿ. ಇಷ್ಟು ಹೊತ್ತಿಗೆ ಇನ್ನೊಬ್ಬರಿಗೆ ಕಲಿಸಬೇಕಾಗಿದ್ದವರು ಇನ್ನೂ ಹಾಲು ಕುಡಿಯುತ್ತ ಕೂತಿದ್ದೀರಲ್ಲ ಎಂಬ ಗದರಿಕೆ ಅಲ್ಲಿದೆ. ಗದರಿಸಿದ್ದು ನಿನ್ನೆ ಬಂದವರನ್ನಲ್ಲ, ಹಳೆಯ ವಿಶ್ವಾಸಿಗಳನ್ನು. ಪ್ರಾಯ ಸಂದ ನನ್ನಂಥವರಿಗೂ ಅದು ಕುಟುಕುತ್ತದೆ.

ನಮ್ಮ ಕಾರ್ಕಳ ಸೀಮೆಯ ನಂಟಿದ್ದ ಒಬ್ಬರ ಕಥೆ ಹೇಳುತ್ತೇನೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಹಲವರ ಸಿಟ್ಟು ಕಟ್ಟಿಕೊಂಡವರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. ಅಣ್ಣನ ಜೊತೆ ನಡೆದೇ ದೇಶ ಸುತ್ತಿದ ಈ ಹುಡುಗಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂದು ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನೂ ಹೋದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಪುಟ್ಟ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಇಲ್ಲಿಯವರೆಗಿನದು ಹಲವರಿಗೆ ಗೊತ್ತು. ನಾನು ಹೇಳಬೇಕೆಂದಿರುವುದು ಮುಂದಿನದು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ ಆಕೆಗೆ ಹೊಳೆದದ್ದು, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಇನ್ನೂ ಸಿಕ್ಕಿಲ್ಲ ಎಂದು. ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಹೊತ್ತಿಗೆ ಆಕೆ ಸಣ್ಣ ವ್ಯಕ್ತಿಯೇನಲ್ಲ. ಅಮೆರಿಕದಲ್ಲಿ ಉಪನ್ಯಾಸ ಮಾಡಿ ಹಣ ಕೂಡಿಸಿದ್ದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು, ಹೆಸರೂ ಬಂದಿತ್ತು. ಅಷ್ಟೆಲ್ಲ ಮಾಡಿದ ಮೇಲೂ ತನ್ನ ಬರಿಗೈಯನ್ನು ತಾನೇ ಕಂಡುಕೊಂಡು ಒಪ್ಪಿಕೊಳ್ಳುವುದು ಊರು ಬಿಟ್ಟು ಹಡಗು ಹತ್ತುವುದಕ್ಕಿಂತ ಕಷ್ಟ ಎಂದೇ ನನ್ನ ಎಣಿಕೆ.

ಆಮೇಲಿನ ಬದುಕು ನೋಡಿ. 1896–97ರ ಬರಗಾಲದಲ್ಲಿ ಮಧ್ಯ ಭಾರತಕ್ಕೆ ಹೋಗಿ, ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಯಾವ ಹಸಿವು ತನ್ನವರನ್ನು ಕಿತ್ತುಕೊಂಡಿತ್ತೋ ಅದರ ಎದುರಿಗೇ ಹೋಗಿ ನಿಂತರು. ಪುಣೆಯ ಹತ್ತಿರ ಕೇಡಗಾಂವದ ಮುಕ್ತಿ ಮಿಷನ್ ಬೆಳೆದದ್ದು ಹೀಗೆ. ನಲವತ್ತೈದು ದಾಟಿದ ಮೇಲೆ, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದ ಬೇಕೆಂದು ಹೀಬ್ರೂ, ಗ್ರೀಕ್ ಹಿಡಿದು ಕೂತರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಅನುವಾದವನ್ನು ಬಿಡಲಿಲ್ಲ. ಅದು ಅಚ್ಚಾದದ್ದೂ ಮುಕ್ತಿಯ ಅಚ್ಚುಕೂಟದಲ್ಲೇ.

ನಿಮಗೆ ಹೀಬ್ರೂ ಬೇಡ. ಕಷ್ಟವನ್ನು ಹುಡುಕಿಕೊಂಡು ಹೋಗಿ ಎಂದೂ ನಾನು ಹೇಳುತ್ತಿಲ್ಲ. ಸುಮ್ಮನೆ ಮೈ ದಂಡಿಸಿ ಮೆರೆಯುವವರನ್ನು ಕಂಡರೆ ನನಗಾಗದು. ಯುವಜನ ಶಿಬಿರದ ಕೊನೆಯ ರಾತ್ರಿ ಅಳುತ್ತ, ಕೆಲಸ ಬಿಟ್ಟು ಸೇವೆಗೆ ಹೋಗುತ್ತೇನೆ ಅಂತ ನಿರ್ಧಾರ ಮಾಡಬೇಡಿ. ಮನೆಗೆ ಹೋಗಿ, ಉಂಡು, ನಿದ್ದೆ ಮಾಡಿ, ವಾರ ಬಿಟ್ಟು ಯೋಚಿಸಿ. ಆದರೆ ಸತ್ಯವೇದದಲ್ಲಿ ನೀವು ಹಾರಿಸಿಬಿಡುವ ಪುಟಗಳಿವೆಯಲ್ಲ, ಅಲ್ಲಿ ಸ್ವಲ್ಪ ಕೂರಿ. ಬಡವರನ್ನು ತುಳಿದು ಹಬ್ಬ ಮಾಡುವವರ ಹಾಡು ದೇವರಿಗೆ ಬೇಕಾಗಿಲ್ಲ ಎನ್ನುತ್ತಾನೆ ಆಮೋಸ. ಕ್ವಾಯರಿನವರು ಅದನ್ನು ಎರಡು ಸಲ ಓದಬೇಕು.

ಪಾಲಿನ ಜಗಳದಲ್ಲಿ ಮಾತು ಬಿಟ್ಟ ದೊಡ್ಡಪ್ಪನ ಮನೆ ಇದ್ದರೆ, ಅಪ್ಪ ಹೋಗದಿದ್ದರೂ ನೀವು ಹೋಗಿ. ಬಾಗಿಲು ತೆರೆಯದೆಯೂ ಇರಬಹುದು. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತನ್ನು ವಾರವಾರ ಬಾಯಿಪಾಠ ಒಪ್ಪಿಸುವವರು ನಾವು; ಕಾಲಿಗೆ ಅದು ಇನ್ನೂ ಇಳಿದಿಲ್ಲ.

ನಂಬಿದರೆ ಸಾಲ ತೀರುತ್ತದೆ, ವೀಸಾ ಬರುತ್ತದೆ ಎಂದು ಸಾರುವ ಕೂಟಗಳ ಬಗ್ಗೆ ಎಚ್ಚರ. ಶಿಲುಬೆ ಹೊತ್ತು ಹಿಂದೆ ಬಾ ಎಂದವನ ಹೆಸರಿನಲ್ಲಿ ಹಾಯಾಗಿರುವುದನ್ನೇ ಮಾರುತ್ತಾರೆ. ಬೆಂಗಳೂರಿಗೋ ದುಬೈಗೋ ಕೆಲಸಕ್ಕೆ ಹೋಗುವವರು ಇನ್ನೊಂದನ್ನು ನೆನಪಿಡಿ: ಒಳ್ಳೆಯ ಸಂಗೀತವಿರುವ, ಯಾರೂ ನಿಮ್ಮ ಹೆಸರು ಕೇಳದ ದೊಡ್ಡ ಸಭೆ ಬಹಳ ಸುಖ. ಎರಡು ಭಾನುವಾರ ಬರದಿದ್ದರೆ ಫೋನ್ ಮಾಡಿ ಬೈಯುವ ನಾಲ್ಕು ಜನರಿರುವ ಕಡೆ ಸೇರಿಕೊಳ್ಳಿ.

ಇಷ್ಟರಲ್ಲಿ ಯಾವುದೂ ಆಗದಿದ್ದರೆ ಒಂದು ಮಾಡಿ. ಬರುವ ಭಾನುವಾರ ಆರಾಧನೆ ಮುಗಿದೊಡನೆ ಬೈಕ್ ಹತ್ತಬೇಡಿ. ಸಭಾಪಾಲಕರನ್ನು ಹುಡುಕಿ, ಹಾಸಿಗೆ ಹಿಡಿದು ಯಾರೂ ಬರದೆ ಒಬ್ಬರೇ ಇರುವವರು ನಮ್ಮ ಸಭೆಯಲ್ಲಿ ಯಾರಿದ್ದಾರೆ ಎಂದು ಕೇಳಿ. ವಿಳಾಸ ಬರೆದುಕೊಂಡು ಅಂದು ಸಂಜೆಯೇ ಹೋಗಿ.